ಮನೆಯ ವೈದ್ಯವಿಚಾರ: ಸರ್ಪಸುತ್ತಿನ ಬಳಿಕ ಸೋಲುವ ತೋಳು

ಸರ್ಪಸುತ್ತು ಎಂಬ ಹೆಸರನ್ನು ಕೇಳದ ಮನೆ ನಮ್ಮ ಕನ್ನಡ ನಾಡಿನಲ್ಲಿ ವಿರಳವೇ ಸರಿ. ಮೈಯ ಒಂದು ಪಕ್ಕದಲ್ಲಿ, ಬೆನ್ನಿನಿಂದ ಹೊರಟು ಎದೆಯ ಕಡೆಗೋ ಹೊಟ್ಟೆಯ ಕಡೆಗೋ ಅರ್ಧ ನಡುಕಟ್ಟಿನಂತೆ ಸುತ್ತಿಕೊಂಡು ಬರುವ ನೀರುಗುಳ್ಳೆಗಳ ಸಾಲನ್ನು ಕಂಡು ನಮ್ಮ ಹಿರಿಯರು ಈ ಹೆಸರನ್ನಿಟ್ಟರು. ಹಾವಿನ ತಲೆಯೂ ಬಾಲವೂ ಕೂಡಿದರೆ ರೋಗಿಯು ಉಳಿಯನೆಂಬ ಮಾತು ಈಗಲೂ ಕೇಳಿಬರುತ್ತದೆ. ಕೆಮ್ಮಣ್ಣನ್ನು ಕಲಸಿ ಬಳಿಯುವುದೂ ಮಂತ್ರ ಹಾಕಿಸುವುದೂ ಉಂಟು. ವಾಸ್ತವವಾಗಿ ತಲೆಬಾಲಗಳು ಕೂಡುವುದೇ ಅಪರೂಪ. ಏಕೆಂದರೆ ಗುಳ್ಳೆಗಳು ಒಂದು ನರದ ಹಾದಿಯನ್ನು ಹಿಡಿದು ಹೊರಡತಕ್ಕವು. ಆ ನರವಾದರೋ ಮೈಯ ನಡುಗೆರೆಯ ಬಳಿಯಲ್ಲಿ ಮುಗಿದುಹೋಗುವುದು. ರೋಗನಿರೋಧಕ ಶಕ್ತಿ ಬಹಳ ಕುಂದಿದವರಲ್ಲಿ ಗುಳ್ಳೆಗಳು ಮೈಯೆಲ್ಲ ಹರಡುವುದುಂಟು. ಅದು ಬೇರೆ ಮಾತು. ಅಂಥವರು ತಡಮಾಡದೆ ಆಸ್ಪತ್ರೆಯನ್ನು ಸೇರತಕ್ಕದ್ದು.

ಈ ಸಲ ನಾವು ಬರೆಯಹೊರಟಿರುವುದು ಗುಳ್ಳೆಗಳ ವಿಷಯವನ್ನಲ್ಲ. ಅವು ಒಣಗಿ, ಹಕ್ಕಳೆ ಉದುರಿ, ಮನೆಯವರೆಲ್ಲರೂ “ಸದ್ಯ, ಪೀಡೆ ಕಳೆಯಿತು” ಎಂದು ನಿಟ್ಟುಸಿರು ಬಿಟ್ಟ ಮೇಲೆ ಕೆಲವರಿಗೆ ಬಂದೊದಗುವ ಮತ್ತೊಂದು ಸಂಕಟವುಂಟು. ಅದನ್ನು ತಿಳಿದವರು ಕಡಿಮೆ.

ಅರುವತ್ತು ದಾಟಿದ ಗೃಹಸ್ಥರೊಬ್ಬರನ್ನು ಭಾವಿಸಿಕೊಳ್ಳಿರಿ. ಅವರಿಗೆ ಬಲಗಡೆಯ ಕುತ್ತಿಗೆಯಿಂದ ಹೆಗಲಿನ ಮೇಲೆ ಹಾದು ತೋಳಿನವರೆಗೆ ಸರ್ಪಸುತ್ತು ಎದ್ದು ಮಾಗಿದೆ. ಎರಡು ವಾರ ಕಳೆದಿರಬಹುದು. ಒಂದು ಬೆಳಿಗ್ಗೆ ಗೂಟದ ಮೇಲಿನ ಅಂಗವಸ್ತ್ರವನ್ನು ತೆಗೆಯಹೋದರೆ ತೋಳು ಮೇಲಕ್ಕೆ ಏಳದು. ಕೈಬೆರಳುಗಳು ಆಡುತ್ತವೆ, ಹಿಡಿತವೂ ಇದೆ. ಹೆಗಲು ಮಾತ್ರ ಮಾತು ಕೇಳುವುದಿಲ್ಲ. ಮನೆಯಲ್ಲಿ ಒಬ್ಬರು ಪಕ್ಷವಾತವೆನ್ನುವರು, ಮತ್ತೊಬ್ಬರು ನೋವಿಗೆ ಹೆದರಿ ತೋಳನ್ನು ಆಡಿಸದೆ ಇಟ್ಟದ್ದರಿಂದ ಹೆಗಲು ಬಿಗಿದುಕೊಂಡಿತೆನ್ನುವರು. ನೆರೆಯವರು ಎಣ್ಣೆ ತಿಕ್ಕುವವನನ್ನು ಕರೆತರುವರು. ಗುಳ್ಳೆಗಳಿಗೂ ಈ ಸೋಲಿಗೂ ಸಂಬಂಧವುಂಟೆಂದು ಯಾರಿಗೂ ಹೊಳೆಯುವುದಿಲ್ಲ. ಅದೇನೂ ಆಶ್ಚರ್ಯವಲ್ಲ, ಚರ್ಮದ ಬೇನೆಗೂ ಮಾಂಸದ ಬಲಹೀನತೆಗೂ ಏನು ನಂಟೆಂದು ಯಾರು ತಾನೆ ಊಹಿಸಿಯಾರು?

ನಂಟು ಇರುವುದು ಬೆನ್ನುಮೂಳೆಯ ಪಕ್ಕದಲ್ಲಿ. ಬೆನ್ನುಹುರಿಯಿಂದ ೩೧ ಜೊತೆ ನರಗಳು ಹೊರಡುತ್ತವೆ. ಪ್ರತಿಯೊಂದು ನರಕ್ಕೂ ಎರಡು ಬೇರುಗಳು. ಹಿಂದಿನ ಬೇರು ಚರ್ಮದ ಸುದ್ದಿಯನ್ನು, ಎಂದರೆ ಬಿಸಿ, ತಂಪು, ಚುಚ್ಚು, ನೋವುಗಳನ್ನು, ಒಳಕ್ಕೆ ಒಯ್ಯತಕ್ಕದ್ದು. ಮುಂದಿನ ಬೇರು ಸ್ನಾಯುಗಳಿಗೆ ಅಪ್ಪಣೆಯನ್ನು ಹೊರಕ್ಕೆ ತರತಕ್ಕದ್ದು. ಹಿಂದಿನ ಬೇರಿನ ಮೇಲೆ ಕಾಳಿನಂಥ ಒಂದು ಉಬ್ಬು ಉಂಟು. ಅದನ್ನು ನರಗಂಟು ಎನ್ನೋಣ. ಬಾಲ್ಯದಲ್ಲಿ ನಮ್ಮನ್ನು ಕಾಡಿದ ಸೀತಾಳೆ ಸಿಡುಬಿನ ವೈರಸ್ಸು ಮೈಯಿಂದ ಸಂಪೂರ್ಣವಾಗಿ ಹೋಗುವುದಿಲ್ಲ. ಈ ಗಂಟುಗಳಲ್ಲಿ ಹುದುಗಿಕೊಂಡು ಹತ್ತಾರು ವರ್ಷ ಮಲಗಿರುವುದು. ವಯಸ್ಸಿನಿಂದಲೋ ಬೇರೆ ಕಾರಣದಿಂದಲೋ ಶರೀರದ ಕಾವಲು ಸಡಿಲವಾದಾಗ ಎದ್ದು, ಆ ನರದ ಹಾದಿಯನ್ನೇ ಹಿಡಿದು ಚರ್ಮಕ್ಕೆ ಬರುವುದು. ಇದೇ ಸರ್ಪಸುತ್ತು. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಊರಿನಲ್ಲಿ ಸಾಮಾನ್ಯ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಎಡ್ಗರ್ ಹೋಪ್-ಸಿಂಪ್ಸನ್ ಎಂಬವರು ತಮ್ಮ ರೋಗಿಗಳ ವಿವರಗಳನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡು ೧೯೬೫ರಲ್ಲಿ ಈ ವಿಚಾರವನ್ನು ವಿಶದವಾಗಿ ಪ್ರತಿಪಾದಿಸಿದರು. ದೊಡ್ಡ ಪ್ರಯೋಗಶಾಲೆಯಿಲ್ಲದ ಊರ ವೈದ್ಯನೊಬ್ಬನು ಲೆಕ್ಕದ ಪುಸ್ತಕದಿಂದ ಇಷ್ಟನ್ನು ಸಾಧಿಸಿದನೆಂಬುದು ನಮಗೆ ಯಾವಾಗಲೂ ಸಂತೋಷವನ್ನುಂಟುಮಾಡುವ ಸಂಗತಿ.

ಹಾಗಾದರೆ ಸುದ್ದಿಯ ಬೇರಿನಲ್ಲಿ ಎದ್ದ ರೋಗವು ಅಪ್ಪಣೆಯ ಬೇರಿಗೆ ತಗಲುವುದೇಕೆ? ಎರಡೂ ಒಂದೇ ಇಕ್ಕಟ್ಟಾದ ಓಣಿಯ ಅಕ್ಕಪಕ್ಕದ ಮನೆಗಳು; ನರಗಂಟನ್ನು ದಾಟಿದೊಡನೆಯೇ ಅವೆರಡೂ ಕೂಡಿ ಒಂದೇ ನರವಾಗುತ್ತವೆ. ಒಂದು ಮನೆಗೆ ಬೆಂಕಿ ಬಿದ್ದರೆ ಪಕ್ಕದ ಮನೆಗೂ ಝಳ ತಟ್ಟುವುದು ಸಹಜವಷ್ಟೆ. ಕೆಲವು ಸಲ ಉರಿಯೂತವು ಬೆನ್ನುಹುರಿಯ ಮುಂಭಾಗದಲ್ಲಿ ಸ್ನಾಯುಗಳನ್ನು ಆಳುವ ನರಕೋಶಗಳನ್ನೇ ಮುಟ್ಟುವುದು. ಸರ್ಪಸುತ್ತಾದ ನೂರು ಮಂದಿಯಲ್ಲಿ ಸುಮಾರು ೩ರಿಂದ ೫ ಮಂದಿಗೆ ಹೀಗೆ ಸ್ನಾಯುಸೋಲು ಬರುವುದೆಂದು ವೈದ್ಯಗ್ರಂಥಗಳಲ್ಲಿ ಎಣಿಕೆ ಕೊಟ್ಟಿರುತ್ತಾರೆ. ಗುಳ್ಳೆಯೆದ್ದ ಎರಡು ಮೂರು ವಾರಗಳೊಳಗಾಗಿಯೇ ಇದು ಸಾಮಾನ್ಯವಾಗಿ ತೋರುವುದು. ಸೋಲುವುದು ಕೂಡ ಗುಳ್ಳೆಗಳೆದ್ದ ಪಟ್ಟೆಗೆ ಸರಿಯಾದ ಸ್ನಾಯುಗಳೇ.

ಇದು ಹೊಸ ರೋಗವಲ್ಲ. ೧೮೬೬ರಲ್ಲಿಯೇ ಲಂಡನ್ನಿನ ವಿಲಿಯಂ ಬ್ರಾಡ್‌ಬೆಂಟ್ ಎಂಬ ವೈದ್ಯರು ತೋಳಿನ ನರಗಳ ಹಾದಿಯಲ್ಲಿ ಗುಳ್ಳೆಗಳೆದ್ದು, ಬಳಿಕ ಅದೇ ನರಗಳ ಸ್ನಾಯುಗಳು ಅರೆಬರೆ ಸೋತ ಒಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದರು. ೧೯೦೦ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಬೆಲ್ ಎಂಬವರು ಸರ್ಪಸುತ್ತಾಗಿದ್ದು ಮೃತರಾದ ೨೧ ಮಂದಿಯ ಶರೀರಗಳನ್ನು ಪರೀಕ್ಷಿಸಿ, ನರಗಂಟುಗಳಲ್ಲಿ ಊತವನ್ನೂ ರಕ್ತಸ್ರಾವವನ್ನೂ ಕಂಡು ವರ್ಣಿಸಿದರು. ಚರ್ಮದ ಯಾವ ಪಟ್ಟೆಯು ಯಾವ ನರಕ್ಕೆ ಸೇರಿದ್ದೆಂಬ ನಕ್ಷೆಯೂ ಆ ಶ್ರಮದ ಫಲವಾಗಿ ಹೊರಬಂದಿತು. ಆದರೆ ಅವರಿಗೆ ಗಂಟಿನ ದರ್ಶನವಾದದ್ದು ರೋಗಿಯು ಸತ್ತ ಮೇಲೆ, ಸೂಕ್ಷ್ಮದರ್ಶಕದಲ್ಲಿ. ಬದುಕಿ ಮುಂದೆ ಕುಳಿತಿರುವವನ ತೋಳು ಏಕೆ ಏಳದೆಂಬುದಕ್ಕೆ ವೈದ್ಯನು ಊಹೆಯನ್ನೇ ನಂಬಬೇಕಾಗಿತ್ತು. ೧೮೯೫ರಲ್ಲಿ ಜರ್ಮನಿಯ ರಂಟ್‌ಗೆನ್ ಪಂಡಿತರು ಕಂಡುಹಿಡಿದ ಎಕ್ಸರೇ ಕಿರಣಗಳೂ ಇಲ್ಲಿ ಹೆಚ್ಚು ಉಪಕಾರಕ್ಕೆ ಬರಲಿಲ್ಲ. ಎಲುಬು ಅದರಲ್ಲಿ ಚೆನ್ನಾಗಿ ಮೂಡುವುದು; ನರವೂ ಸ್ನಾಯುವೂ ಒಂದೇ ಮಬ್ಬಿನಲ್ಲಿ ಮುಳುಗಿಹೋಗುವುವು.

ಆ ಮಬ್ಬನ್ನು ಸೀಳಿದ್ದು ಅಯಸ್ಕಾಂತದ ಪಟ. ಜನರು ಎಂ.ಆರ್.ಐ. ಎನ್ನುವುದು ಇದನ್ನೇ. ೧೯೭೩ರಲ್ಲಿ ಪಾಲ್ ಲಾಟರ್‌ಬರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರು ಇದರ ಮಾರ್ಗವನ್ನು ತೋರಿಸಿದರು. ಅವರಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡರಿಗೂ ೨೦೦೩ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕ್ರಮವು ಹೀಗೆ: ನಮ್ಮ ಮೈಯಲ್ಲಿರುವ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಜಲಜನಕವುಂಟು. ಅದರ ಪರಮಾಣುವಿನ ತಿರುಳು ಒಂದು ಪುಟ್ಟ ಅಯಸ್ಕಾಂತದಂತೆ ನಡೆದುಕೊಳ್ಳುವುದು. ಭೂಮಿಯ ಅಯಸ್ಕಾಂತಶಕ್ತಿಗಿಂತ ಸುಮಾರು ೩೦,೦೦೦ ಪಾಲು ಬಲವಾದ ದೊಡ್ಡ ಅಯಸ್ಕಾಂತದ ಕೊಳವೆಯೊಳಗೆ ಮನುಷ್ಯನನ್ನು ಮಲಗಿಸಿ, ರೇಡಿಯೋ ಅಲೆಗಳಿಂದ ಆ ಪುಟ್ಟ ಅಯಸ್ಕಾಂತಗಳನ್ನು ಕದಲಿಸಿ, ಅವು ಮರಳಿ ಸ್ವಸ್ಥಾನಕ್ಕೆ ಬರುವಾಗ ಹೊರಡುವ ಸಂಕೇತಗಳನ್ನು ಹಿಡಿದು ಪಟ ಮಾಡುವರು. ಕೊಬ್ಬಿನ ಹೊಳಪನ್ನು ಅಡಗಿಸಿ ನೀರಿನ ಹೊಳಪನ್ನು ಮಾತ್ರ ಉಳಿಸಿಕೊಳ್ಳುವ ಒಂದು ಉಪಾಯವೂ ಇದರಲ್ಲಿ ಉಂಟು. ನಮ್ಮ ಕಾರ್ಯಕ್ಕೆ ಮುಖ್ಯವಾದದ್ದು ಅದೇ.

ಏತಕ್ಕೆಂದರೆ, ನರದ ಅಪ್ಪಣೆ ನಿಂತುಹೋದ ಸ್ನಾಯುವಿನಲ್ಲಿ ತಂತುಗಳ ನಡುವೆ ನೀರಿನಂಶ ಹೆಚ್ಚುವುದು. ಕಣ್ಣಿಗೂ ಕೈಗೂ ಗೊತ್ತಾಗದ ಈ ಒದ್ದೆತನವು ಪಟದಲ್ಲಿ ಬೂದುಬಣ್ಣದ ನಡುವೆ ಬೆಳ್ಳಗೆ ಬೆಳಗುವುದು. ಸೂಜಿ ಚುಚ್ಚಿ ಸ್ನಾಯುವಿನ ವಿದ್ಯುತ್ತನ್ನು ಅಳೆಯುವ ಹಳೆಯ ಪರೀಕ್ಷೆಯಲ್ಲಿ ದೋಷವು ಪೂರ್ತಿಯಾಗಿ ತೋರಲು ಎರಡು ಮೂರು ವಾರ ಬೇಕು. ಪಟದಲ್ಲಿ ಕೆಲವು ವೇಳೆ ಅದಕ್ಕಿಂತ ಮುಂಚೆಯೇ ತೋರುವುದುಂಟು. ನರವು ಚೇತರಿಸಿಕೊಂಡರೆ ಆ ಬಿಳುಪು ಮೆಲ್ಲನೆ ಇಳಿದು ಸ್ನಾಯು ಮೊದಲಿನಂತಾಗುವುದು. ತಿಂಗಳುಗಟ್ಟಲೆ ಚೇತರಿಸದಿದ್ದರೆ ಸ್ನಾಯು ತೆಳ್ಳಗಾಗಿ, ಅದರ ಸ್ಥಾನವನ್ನು ಕೊಬ್ಬು ಆಕ್ರಮಿಸುವುದು. ಅದಕ್ಕೆ ಪಟದಲ್ಲಿ ಬೇರೆಯ ಚಹರೆ. ಹೀಗೆ ಒಂದೇ ಪಟದಿಂದ ಪೆಟ್ಟು ಹೊಸದೋ ಹಳೆಯದೋ ಎಂಬುದನ್ನೂ, ಮರಳಿ ಬರುವ ಆಶೆ ಎಷ್ಟೆಂಬುದನ್ನೂ ವೈದ್ಯನು ಅಂದಾಜು ಮಾಡಬಲ್ಲನು. ಇಷ್ಟೇ ಅಲ್ಲ, ಊದಿಕೊಂಡ ನರದ ಬೇರನ್ನೂ, ನರಗಂಟನ್ನೂ, ಕುತ್ತಿಗೆಯಿಂದ ಕಂಕುಳಿಗೆ ಇಳಿಯುವ ನರಜಾಲವನ್ನೂ ಈಗ ಬದುಕಿರುವವರಲ್ಲಿಯೇ ಕಾಣಬಹುದಾಗಿದೆ.

ನಾವು ಭಾವಿಸಿಕೊಂಡ ಗೃಹಸ್ಥರ ಹೆಗಲಿಗೆ ಮರಳೋಣ. ಅವರ ಪಟದಲ್ಲಿ ಹೆಗಲ ತುದಿಯನ್ನು ಮುಚ್ಚಿಕೊಂಡಿರುವ ಮುಕ್ಕೋನದ ಸ್ನಾಯು, ಹೆಗಲೆಲುಬಿನ ಹಿಂದಿನ ಸ್ನಾಯುಗಳು, ತೋಳಿನ ಮುಂಭಾಗದ ಸ್ನಾಯು ಇವೆಲ್ಲವೂ ಬೆಳ್ಳಗಾಗಿವೆಯೆನ್ನಿರಿ. ಇವುಗಳಿಗೆ ಬರುವ ನರಗಳು ಬೇರೆ ಬೇರೆ. ಆದರೆ ಅವೆಲ್ಲವೂ ಕವಲೊಡೆಯುವುದು ಕುತ್ತಿಗೆಯ ೫ ಮತ್ತು ೬ನೆಯ ನರಗಳಿಂದ. ಮನೆಯ ಮೂರು ಕೋಣೆಗಳ ದೀಪಗಳೂ ಒಂದೇ ಸಲ ಆರಿಹೋದರೆ ಬುದ್ಧಿವಂತನಾದವನು ಒಂದೊಂದು ಬುರುಡೆಯನ್ನೂ ಬಿಚ್ಚುತ್ತ ಕೂರುವನೇ? ತಂತಿಯು ಮನೆಯನ್ನು ಹೊಗುವ ಕಡೆಗೆ ಹೋಗಿ ನೋಡುವನು. ಅದರಂತೆ ಪಟವು ವೈದ್ಯನ ದೃಷ್ಟಿಯನ್ನು ಹೆಗಲಿನಿಂದ ಕುತ್ತಿಗೆಯ ಕಡೆಗೆ ತಿರುಗಿಸುವುದು.

ಇಲ್ಲೊಂದು ಅಪಾಯವುಂಟು, ಗೃಹಸ್ಥರು ಇದನ್ನು ಚೆನ್ನಾಗಿ ತಿಳಿದಿರಬೇಕು. ಅರುವತ್ತು ದಾಟಿದವರ ಹೆಗಲಿನ ಪಟವನ್ನು ತೆಗೆದರೆ, ಯಾವ ನೋವೂ ಇಲ್ಲದವರಲ್ಲಿ ಕೂಡ, ಸ್ನಾಯುರಜ್ಜು ಸವೆದದ್ದೋ ಅಲ್ಪಸ್ವಲ್ಪ ಹರಿದದ್ದೋ ಎಷ್ಟೋ ಸಲ ಕಾಣುವುದು. ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆ ಉಬ್ಬಿರುವುದೂ ಹಾಗೆಯೇ. ತಲೆಗೂದಲು ನರೆತಂತೆ ಇದೂ ಒಂದು. ಸರ್ಪಸುತ್ತಿನ ಸುದ್ದಿಯನ್ನು ಕೇಳದ ವೈದ್ಯನು ಆ ಸವೆತವನ್ನು ಕಂಡು, ತೋಳೇಳದಿರುವುದಕ್ಕೆ ಅದೇ ಕಾರಣವೆಂದು ತೀರ್ಮಾನಿಸಿ, ಹೊಲಿಗೆಯ ಶಸ್ತ್ರಕ್ರಿಯೆಯನ್ನು ಸೂಚಿಸಿಯಾನು. ಆಗ ಹಣವೂ ಹೋಗಿ ತಿಂಗಳುಗಳೂ ಹೋಗಿ ತೋಳು ಇದ್ದಲ್ಲಿಯೇ ಇರುವುದು. ಪಟವು ಸುಳ್ಳು ಹೇಳಿತೆಂದಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳಿತು.

ಹೊಟ್ಟೆಯ ವಿಷಯದಲ್ಲಿ ಈ ತಪ್ಪು ಇನ್ನೂ ಸುಲಭ. ಎದೆಯ ಕೆಳಭಾಗದ ನರಗಳಲ್ಲಿ ಸರ್ಪಸುತ್ತಾದವರಿಗೆ ಕೆಲವು ಸಲ ಹೊಟ್ಟೆಯ ಒಂದು ಪಕ್ಕವು ಸಡಿಲವಾಗಿ, ನಿಂತಾಗಲೂ ಕೆಮ್ಮಿದಾಗಲೂ ಬುಗ್ಗೆಯಂತೆ ಉಬ್ಬುವುದು. ನೋಡಿದವರೆಲ್ಲರೂ ಹರ್ನಿಯವೆನ್ನುವರು. ಹರ್ನಿಯದಲ್ಲಿ ಹೊಟ್ಟೆಗೋಡೆಯು ಒಂದು ಕಡೆ ಬಿರಿದು ಕಿಂಡಿಯಾಗಿ ಅದರೊಳಗಿನಿಂದ ಕರುಳೋ ಕೊಬ್ಬೋ ತೂರಿ ಬರುವುದು. ಇಲ್ಲಾದರೋ ಕಿಂಡಿಯೇ ಇಲ್ಲ; ಗೋಡೆಯ ಸ್ನಾಯು ಸೋತು ಜೋತಿದೆ, ಅಷ್ಟೆ. ಅಲ್ಟ್ರಾಸೌಂಡ್ ಎಂಬ ಶಬ್ದದಲೆಯ ಪಟದಲ್ಲಾಗಲಿ ಸಿ.ಟಿ. ಪಟದಲ್ಲಾಗಲಿ ಇದು ಸ್ಪಷ್ಟವಾಗುವುದು: ಗೋಡೆಯ ಪದರಗಳು ಒಂದು ಕಡೆ ತೆಳ್ಳಗಿದ್ದರೂ ಎಲ್ಲಿಯೂ ತುಂಡಾಗಿರುವುದಿಲ್ಲ. ಕಿಂಡಿಯಿಲ್ಲದಲ್ಲಿ ಹೊಲಿಯುವುದೇನನ್ನು? ಈ ಒಂದು ಪಟವು ಒಂದು ಶಸ್ತ್ರಕ್ರಿಯೆಯನ್ನು ಉಳಿಸಬಲ್ಲದು. ಅನೇಕರಲ್ಲಿ ಈ ಉಬ್ಬು ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಇಳಿದುಹೋಗುವುದು. ಮಲವು ಕಟ್ಟಿಕೊಳ್ಳುವುದೊಂದು ಉಪದ್ರವ ಮಾತ್ರ ಜೊತೆಗಿರಬಹುದು. ಅದನ್ನು ಸಂಕೋಚಪಡದೆ ವೈದ್ಯರಿಗೆ ಹೇಳತಕ್ಕದ್ದು.

ಕುತ್ತಿಗೆಯ ೩, ೪, ೫ನೆಯ ನರಗಳಿಂದ ವಪೆಗೆ, ಎಂದರೆ ಉಸಿರಾಟಕ್ಕೆ ಆಧಾರವಾದ ತೆರೆಯಂಥ ಸ್ನಾಯುವಿಗೆ, ನರವು ಹೋಗುವುದು. ಅದು ಸೋತಾಗ ಎದೆಯ ಎಕ್ಸರೇಯಲ್ಲಿ ಆ ಪಕ್ಕದ ವಪೆಯು ಮೇಲೇರಿ ನಿಂತಿರುವುದು ಕಾಣುವುದು. ರೋಗಿಯು ಮೂಗಿನಿಂದ ಜೋರಾಗಿ ಉಸಿರೆಳೆದಾಗ ಅಲ್ಟ್ರಾಸೌಂಡಿನಲ್ಲಿ ನೋಡಿದರೆ ಅದು ಕೆಳಗಿಳಿಯುವ ಬದಲು ಮೇಲಕ್ಕೆ ಚಲಿಸುವುದು. ಕೆಲವರಿಗೆ ಇದು ಗೊತ್ತೇ ಆಗುವುದಿಲ್ಲ. ಮಲಗಿದಾಗ ಏದುಸಿರು ಬರುವವರಿಗೆ ಇದೇ ಕಾರಣವಿರಬಹುದು. ಕಿವಿಯಲ್ಲಿ ಗುಳ್ಳೆಯೆದ್ದು ಅದೇ ಪಕ್ಕದ ಮುಖ ಸೊಟ್ಟಗಾಗುವ ರೋಗವನ್ನು ಅಮೆರಿಕದ ರ‍್ಯಾಮ್ಸೆ ಹಂಟ್ ೧೯೦೭ರಲ್ಲಿ ವರ್ಣಿಸಿದರು. ಅಲ್ಲಿ ಗ್ಯಾಡೋಲಿನಿಯಂ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಎಂ.ಆರ್.ಐ. ತೆಗೆದರೆ ಉರಿಯೂತವಾದ ಮುಖದ ನರವು ಹೊಳೆಯುವುದುಂಟು. ಆದರೆ ಸಾಮಾನ್ಯವಾಗಿ ಕಿವಿಯೊಳಗೆ ಬಗ್ಗಿ ನೋಡಿದರೆ ಸಾಕು, ಪಟದ ಖರ್ಚೇ ಬೇಡ.

ಪಟದ ಸಾಮರ್ಥ್ಯವನ್ನು ಇಷ್ಟು ಹೊಗಳಿದ ಮೇಲೆ ಅದರ ಎಲ್ಲೆಯನ್ನೂ ಹೇಳುವುದು ನ್ಯಾಯ. ಪಟದಲ್ಲಿ ವೈರಸ್ಸು ಕಾಣುವುದಿಲ್ಲ. ಬೆಳ್ಳಗಾದ ಸ್ನಾಯು “ನನಗೆ ಅಪ್ಪಣೆ ಬರುತ್ತಿಲ್ಲ” ಎಂದು ಮಾತ್ರ ಹೇಳುವುದು. ತಂತಿಯನ್ನು ಕಡಿದವರಾರೆಂದು ಹೇಳಲಾರದು. ೧೯೪೮ರಲ್ಲಿ ಪಾರ್ಸೊನೇಜ್ ಮತ್ತು ಟರ್ನರ್ ಎಂಬ ವೈದ್ಯರಿಬ್ಬರು ವಿವರಿಸಿದ, ಹೆಗಲಲ್ಲಿ ಘೋರವಾದ ನೋವೆದ್ದು ಅನಂತರ ಸ್ನಾಯುಗಳು ಸೋಲುವ ಇನ್ನೊಂದು ರೋಗವುಂಟು; ಅದರ ಪಟವೂ ಇದರ ಪಟವೂ ಅಕ್ಕತಂಗಿಯರಂತೆ ಇರುತ್ತವೆ. ಬೇರೆ ಕಾರಣಗಳಿಂದ ಸ್ನಾಯುವಿಗೇ ಉರಿಯೂತವಾದರೂ ಬಿಳುಪು ಮೂಡುವುದು. ರೋಗವಿದ್ದೂ ಪಟವು ನಿರ್ಮಲವಾಗಿರುವುದೂ ಉಂಟು. ಇವುಗಳನ್ನೆಲ್ಲ ವಿಂಗಡಿಸತಕ್ಕ ಸಾಕ್ಷಿ ಚರ್ಮದ ಮೇಲಿನ ಗುಳ್ಳೆ, ಅಥವಾ ಅದರ ಕಲೆ. ಆದುದರಿಂದ ತೋಳಿಗಾಗಲಿ ಹೊಟ್ಟೆಗಾಗಲಿ ಪಟ ತೆಗೆಸಹೋಗುವಾಗ “ಒಂದು ತಿಂಗಳ ಕೆಳಗೆ ಇಲ್ಲಿ ಸರ್ಪಸುತ್ತಾಗಿತ್ತು” ಎಂಬ ಒಂದು ಮಾತನ್ನು ರೋಗಿಯು ಹೇಳಿದರೆ, ಪಟವನ್ನು ಓದುವ ವೈದ್ಯನಿಗೆ ಅದು ದೊಡ್ಡ ಉಪಕಾರ. ನಮ್ಮಲ್ಲಿ ಅನೇಕರು ಹೇಳುವುದಿಲ್ಲ. ನಾಗದೋಷವೆಂಬ ಭಯದಿಂದಲೋ, ನಾಟಿ ಮದ್ದು ಮಾಡಿಸಿದ್ದಕ್ಕೆ ಡಾಕ್ಟರು ಬೈದಾರೆಂಬ ಸಂಕೋಚದಿಂದಲೋ, ಹೆಂಗಸರಾದರೆ ಎದೆಯ ಬಳಿಯ ಗುಳ್ಳೆಯನ್ನು ತೋರಿಸಲು ನಾಚಿಯೋ ಮುಚ್ಚಿಡುವರು. ಇದರಿಂದ ಆಗುವ ಹಾನಿ ಸಣ್ಣದಲ್ಲ.

ಎಲ್ಲರಿಗೂ ಪಟ ಬೇಕೇ? ಬೇಡ. ಗುಳ್ಳೆ ಕಣ್ಣೆದುರಿಗೇ ಇದ್ದು, ಸೋಲು ಅದೇ ಪಟ್ಟೆಯಲ್ಲಿದ್ದು, ಅನುಭವಸ್ಥ ವೈದ್ಯನು ಪರೀಕ್ಷಿಸಿ ನಿಶ್ಚಯವಾಗಿ ಹೇಳಿದರೆ ಸಾವಿರಾರು ರೂಪಾಯಿಗಳನ್ನು ಸುರಿಯಬೇಕಾದ ಅಗತ್ಯವಿಲ್ಲ. ಸೋಲು ಬೇರೆಡೆಗೆ ಹರಡುತ್ತಿದ್ದರೆ, ಗುಳ್ಳೆಯ ಪಟ್ಟೆಗೂ ಸೋಲಿಗೂ ತಾಳೆಯಾಗದಿದ್ದರೆ, ಶಸ್ತ್ರಕ್ರಿಯೆಯ ಮಾತು ಬಂದಿದ್ದರೆ ತೆಗೆಸತಕ್ಕದ್ದು. ಎರಡು ಕಾಲುಗಳೂ ಸೋತರೆ, ಅಥವಾ ಮೂತ್ರ ಕಟ್ಟಿದರೆ, ಅದೇ ದಿನವೇ ಆಸ್ಪತ್ರೆಗೆ ಓಡಬೇಕು. ರೋಗವು ಬೆನ್ನುಹುರಿಯನ್ನೇ ಮುಟ್ಟಿರಬಹುದು, ಅಲ್ಲಿ ಎಂ.ಆರ್.ಐ. ತಡೆಯಲಾಗದ ಅಗತ್ಯ. ಇದರಲ್ಲಿ ಎಕ್ಸರೇ ಕಿರಣಗಳಿಲ್ಲ, ನೋವೂ ಇಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕದಲದೆ ಮಲಗಿರಬೇಕು, ಸದ್ದು ಮಾತ್ರ ಕಮ್ಮಾರಸಾಲೆಯದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರೂ, ಮೈಯೊಳಗೆ ಲೋಹದ ಚೂರು ಇರುವವರೂ ಮುಂಚಿತವಾಗಿ ತಿಳಿಸಲೇಬೇಕು. ಮೂತ್ರಪಿಂಡದ ರೋಗವಿದ್ದವರು ಗ್ಯಾಡೋಲಿನಿಯಂ ಕೊಡುವ ಮುಂಚೆ ಹೇಳಬೇಕು.

ಔಷಧವನ್ನು ಪಟಕ್ಕಾಗಿ ಕಾಯಿಸಕೂಡದು. ಏಸೈಕ್ಲೊವಿರ್ ಮೊದಲಾದ ವೈರಸ್‌ನಾಶಕಗಳನ್ನು ಗುಳ್ಳೆ ಕಂಡ ೭೨ ಗಂಟೆಗಳೊಳಗೆ ಆರಂಭಿಸಿದರೆ ಫಲ ಹೆಚ್ಚು. ಕೆಮ್ಮಣ್ಣಿನಲ್ಲಿ ಕಳೆದುಹೋಗುವುದು ಬಹುಮಟ್ಟಿಗೆ ಈ ಮೂರು ದಿನಗಳೇ. ತೋಳು ಸೋತ ಮೇಲೆ ಅದು ಜೋತು ಕೀಲು ನೋಯದಂತೆ ಆಧಾರ ಕೊಟ್ಟು, ವ್ಯಾಯಾಮ ಚಿಕಿತ್ಸೆ ಬಲ್ಲವರ ಸಲಹೆಯಂತೆ ದಿನವೂ ಆಡಿಸಬೇಕು. ಬಿರುಸಾಗಿ ತಿಕ್ಕಿಸುವುದರಿಂದ ನರ ಬೆಳೆಯುವುದಿಲ್ಲ. ಹೆಚ್ಚಿನವರಿಗೆ ಕೆಲವು ತಿಂಗಳುಗಳಿಂದ ಒಂದೆರಡು ವರ್ಷಗಳೊಳಗಾಗಿ ಬಲವು ಬಹುಮಟ್ಟಿಗೆ ಮರಳುವುದು. ಕೆಲವರಿಗೆ ಕೊರತೆ ಉಳಿಯುವುದು. ರೋಗವನ್ನೇ ತಡೆಯತಕ್ಕ ಲಸಿಕೆಯೊಂದು ೨೦೧೭ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ೨೦೨೩ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತಿದೆ. ಐವತ್ತು ದಾಟಿದವರು ಎರಡು ಸಲ ಹಾಕಿಸಿಕೊಳ್ಳಬೇಕು. ಬೆಲೆ ದುಬಾರಿಯೇ; ಆದರೂ ವೈದ್ಯರೊಡನೆ ಆಲೋಚಿಸಿ ನೋಡಬಹುದು.

ಇನ್ನೊಂದು ಪಟದ ಮಾತು ಉಳಿದಿದೆ; ಅದಕ್ಕೆ ಖರ್ಚಿಲ್ಲ. ಮನೆಯಲ್ಲಿ ಯಾರಿಗಾದರೂ ಮೈಯ ಒಂದೇ ಪಕ್ಕದಲ್ಲಿ ಉರಿಯೊಡನೆ ಗುಳ್ಳೆಗಳೆದ್ದರೆ, ಮದ್ದು ಬಳಿಯುವುದಕ್ಕೆ ಮುಂಚೆ, ಹಗಲು ಬೆಳಕಿನಲ್ಲಿ ಕೈಯ ಮೊಬೈಲಿನಿಂದ ಅದರ ಚಿತ್ರವನ್ನು ತೆಗೆದಿಟ್ಟುಕೊಳ್ಳಿರಿ. ಮೊದಲ ಗುಳ್ಳೆ ಕಂಡ ತಾರೀಖನ್ನು ಪಂಚಾಂಗದಲ್ಲೋ ಗೋಡೆಯ ಕ್ಯಾಲೆಂಡರಿನಲ್ಲೋ ಗುರುತು ಹಾಕಿರಿ. ಮೂರು ವಾರಗಳ ಮೇಲೆ ತೋಳೋ ಹೊಟ್ಟೆಯೋ ಸೋತರೆ, ಆಗ ಚರ್ಮದ ಮೇಲೆ ಮಾಸಿದ ಕಲೆಗಳಲ್ಲದೆ ಮತ್ತೇನೂ ಇರಲಾರದು. ಆ ಚಿತ್ರವನ್ನೂ ತಾರೀಖನ್ನೂ ವೈದ್ಯರ ಮುಂದಿಟ್ಟು, ಎಂ.ಆರ್.ಐ. ಬರೆದುಕೊಟ್ಟರೆ ಅದೇ ಚೀಟಿಯಲ್ಲಿ “ಸರ್ಪಸುತ್ತಿನ ಅನಂತರ” ಎಂದು ಸೇರಿಸುವಂತೆ ಕೇಳಿಕೊಳ್ಳಿರಿ.